ಬಿರುಕು ಕಂಡವನ ಹೊಣೆ

ತುಂಬಿದ ಕೆರೆಯ ಏರಿಯ ಮೇಲೆ ನಡೆದು ಹೋಗುತ್ತಿರುವ ಒಬ್ಬನ ಕಣ್ಣಿಗೆ ಸಣ್ಣದೊಂದು ಬಿರುಕು ಬಿದ್ದಿತೆನ್ನಿ. ಏರಿಯ ಕೆಳಗೆ ಗದ್ದೆಗಳಿವೆ, ಮನೆಗಳಿವೆ. ಕಂಡೂ ಕಾಣದವನಂತೆ ಅವನು ಮುಂದೆ ನಡೆದರೆ ಊರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಊರಿಗೆ ಕೇಡು ಬಯಸುವವರ ಕಿವಿಗೆ ಅದನ್ನು ಹಾಕಿದರೆ ದ್ರೋಹ ಬಗೆದಂತಾಗುತ್ತದೆ. ಸಂತೆಯ ನಡುವೆ ನಿಂತು ಕೂಗಿ ಹೇಳಿದರೆ, ಏರಿಯನ್ನು ಭದ್ರಪಡಿಸಲು ಬರುವವರಿಗಿಂತ ಮೊದಲೇ ಕಿಡಿಗೇಡಿಗಳು ಅಲ್ಲಿಗೆ ತಲುಪಬಹುದು. ನೀರಗಂಟಿಯನ್ನು ಕಂಡು, ಕೆಲಸ ಬಲ್ಲವರನ್ನು ಕೂಡಿಸಿ, ಬಿರುಕು ಮುಚ್ಚುವವರೆಗೆ ಮಾತನ್ನು ಬಿಗಿಹಿಡಿದು, ಆಮೇಲೆ ಊರಿಗೆಲ್ಲ ವಿಷಯವನ್ನು ತಿಳಿಸುವವನೇ ವಿವೇಕಿ.

ಇಂದಿನ ಜಗತ್ತಿನಲ್ಲಿ ಜನರು ಕೆರೆಯ ಏರಿಯನ್ನು ನಂಬುವಂತೆಯೇ ನಂಬಿಕೊಂಡಿರುವ ಮತ್ತೊಂದು ರಚನೆಯಿದೆ. ಅದೇ ದೇಶದೇಶಗಳ ಗಣಕಯಂತ್ರಗಳನ್ನು ಒಂದಕ್ಕೊಂದು ಬೆಸೆದಿರುವ ಅಂತರಜಾಲ. ಬ್ಯಾಂಕಿನ ವ್ಯವಹಾರ, ಆಸ್ಪತ್ರೆಯ ದಾಖಲೆ, ರೈಲಿನ ಟಿಕೆಟು, ವಿದ್ಯಾರ್ಥಿಗಳ ಪರೀಕ್ಷಾ ಫಲಿತಾಂಶ ಎಲ್ಲವೂ ಅದರ ಮೂಲಕವೇ ಹರಿದುಬರುತ್ತವೆ. ಈ ಯಂತ್ರಗಳನ್ನು ನಡೆಸುವ ಆಜ್ಞಾವಳಿಗೆ ತಂತ್ರಾಂಶವೆಂದು ಹೆಸರು. ಅದನ್ನು ಬರೆದವರು ಮನುಷ್ಯರೇ ಆದುದರಿಂದ ಅದರಲ್ಲಿ ದೋಷಗಳು ಉಳಿದುಬಿಡುವುದು ಸಹಜ. ಕೆಲವು ದೋಷಗಳು ಬರಿಯ ತೊಡಕುಗಳು. ಮತ್ತೆ ಕೆಲವು ಕಳ್ಳನಿಗೆ ದಾರಿಯಾಗುವಂಥ ಬಿರುಕುಗಳು. ಅಂತರಜಾಲದ ಅಡಿಗಲ್ಲಿನಲ್ಲಿಯೇ ಅಡಗಿದ್ದ ಅಂಥದೊಂದು ಬಿರುಕು ೨೦೦೮ರಲ್ಲಿ ಒಬ್ಬ ತರುಣನ ಕಣ್ಣಿಗೆ ಬಿತ್ತು. ಆತನ ಹೆಸರು ಡ್ಯಾನ್ ಕಮಿನ್‌ಸ್ಕಿ. ಆತ ಕಂಡದ್ದೇನು, ಕಂಡ ಮೇಲೆ ಮಾಡಿದ್ದೇನು ಎಂಬುದು ತಿಳಿದುಕೊಳ್ಳತಕ್ಕ ಸಂಗತಿ.

ಬಿರುಕಿನ ಸ್ವರೂಪವನ್ನು ಅರಿಯಬೇಕಾದರೆ ಅಂತರಜಾಲದಲ್ಲಿ ಹೆಸರುಗಳು ಹೇಗೆ ಕೆಲಸ ಮಾಡುತ್ತವೆಂಬುದನ್ನು ಮೊದಲು ತಿಳಿಯಬೇಕು. ಮನುಷ್ಯನಿಗೆ ಹೆಸರು ನೆನಪಿರುತ್ತದೆ. ಯಂತ್ರಕ್ಕೆ ಬೇಕಾದುದು ಅಂಕೆ. ಬ್ಯಾಂಕೊಂದರ ತಾಣವನ್ನು ನೋಡಬೇಕೆನ್ನುವವನು ಅದರ ಹೆಸರನ್ನು ಬರೆಯುತ್ತಾನೆ. ಆದರೆ ಸಂದೇಶವು ಹೋಗಿ ಸೇರಬೇಕಾದರೆ ಆ ಬ್ಯಾಂಕಿನ ಯಂತ್ರದ ವಿಳಾಸ ಅಂಕೆಗಳಲ್ಲಿ ಗೊತ್ತಾಗಬೇಕು. ಜಾಲವು ಚಿಕ್ಕದಾಗಿದ್ದ ಕಾಲದಲ್ಲಿ ಎಲ್ಲ ಹೆಸರು ವಿಳಾಸಗಳನ್ನೂ ಒಂದೇ ಪಟ್ಟಿಯಲ್ಲಿ ಬರೆದು ಕ್ಯಾಲಿಫೋರ್ನಿಯದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಇಟ್ಟಿದ್ದರು. ಬೇಕಾದವರು ಅದರ ಪ್ರತಿಯನ್ನು ತರಿಸಿಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಿದಂತೆ ಈ ಪಟ್ಟಿಯನ್ನು ನಿರ್ವಹಿಸುವುದು ಅಸಾಧ್ಯವಾಯಿತು. ಆಗ, ೧೯೮೩ರಲ್ಲಿ, ಪಾಲ್ ಮೊಕಪೆಟ್ರಿಸ್ ಎಂಬ ವಿಜ್ಞಾನಿ ಪಟ್ಟಿಯನ್ನು ಒಡೆದು ಅನೇಕ ಕಡೆ ಹಂಚುವ ಹೊಸ ವ್ಯವಸ್ಥೆಯೊಂದನ್ನು ರೂಪಿಸಿದನು. ಇದಕ್ಕೆ ಡೊಮೈನ್ ನೇಮ್ ಸಿಸ್ಟಂ, ಚಿಕ್ಕದಾಗಿ ಡಿ.ಎನ್.ಎಸ್., ಎಂದು ಹೆಸರು. ಇದನ್ನು ಅಂತರಜಾಲದ ವಿಳಾಸಪುಸ್ತಕವೆಂದು ಕರೆಯಬಹುದು.

ಈ ಪುಸ್ತಕವನ್ನು ಪ್ರತಿಯೊಬ್ಬರೂ ನೇರವಾಗಿ ತೆರೆದು ನೋಡುವುದಿಲ್ಲ. ಅಂತರಜಾಲದ ಸೌಲಭ್ಯ ಒದಗಿಸುವ ಸಂಸ್ಥೆಗಳಲ್ಲಿ ಇದಕ್ಕೆಂದೇ ಸರ್ವರ್ ಎಂಬ ಯಂತ್ರಗಳಿರುತ್ತವೆ. ಹೊಸ ಊರಿಗೆ ಬಂದವನು ಬಸ್ ನಿಲ್ದಾಣದ ವಿಚಾರಣಾ ಕಚೇರಿಯಲ್ಲಿ ದಾರಿ ಕೇಳುವಂತೆ, ಮನೆಯ ಗಣಕವು ಆ ಸರ್ವರನ್ನು ವಿಳಾಸ ಕೇಳುತ್ತದೆ. ಸರ್ವರಿಗೆ ಉತ್ತರ ಗೊತ್ತಿಲ್ಲದಿದ್ದರೆ ಅದು ಮೇಲಿನವರನ್ನು ಕೇಳುತ್ತದೆ. ಅವರು ಇಂಥವರನ್ನು ವಿಚಾರಿಸು ಎಂದು ಇನ್ನೊಬ್ಬರತ್ತ ಕೈತೋರಿಸುತ್ತಾರೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಸಾಗಿ ಕೊನೆಗೆ ಸರಿಯಾದ ಉತ್ತರ ದೊರೆಯುತ್ತದೆ. ದೊರೆತ ಉತ್ತರವನ್ನು ಸರ್ವರು ಗೊತ್ತಾದ ಅವಧಿಯವರೆಗೆ ನೆನಪಿನಲ್ಲಿಟ್ಟುಕೊಂಡು, ಅದೇ ಪ್ರಶ್ನೆಯನ್ನು ಕೇಳುವ ಎಲ್ಲರಿಗೂ ಅದನ್ನೇ ಹೇಳುತ್ತದೆ. ಇದೆಲ್ಲವೂ ಕಣ್ಣು ಮಿಟುಕಿಸುವಷ್ಟರಲ್ಲಿ ನಡೆದುಹೋಗುತ್ತದೆ.

ಬಂದ ಉತ್ತರವು ನಿಜವಾದವರಿಂದಲೇ ಬಂದಿತೆಂದು ಸರ್ವರು ತಿಳಿಯುವುದು ಹೇಗೆ? ಪ್ರತಿಯೊಂದು ಪ್ರಶ್ನೆಯ ಜೊತೆಯಲ್ಲಿಯೂ ಅದು ಒಂದು ಸಂಖ್ಯೆಯನ್ನು ಬರೆದು ಕಳುಹಿಸುತ್ತದೆ. ಉತ್ತರದ ಮೇಲೆಯೂ ಅದೇ ಸಂಖ್ಯೆ ಇದ್ದರೆ ನಂಬುತ್ತದೆ. ಈ ಸಂಖ್ಯೆ ೬೫,೫೩೬ ಸಂಖ್ಯೆಗಳಲ್ಲಿ ಯಾವುದಾದರೂ ಒಂದಾಗಿರಬಹುದು. ವಂಚಕನೊಬ್ಬನು ಸುಳ್ಳು ಉತ್ತರವನ್ನು ನುಸುಳಿಸಬೇಕಾದರೆ ನಿಜವಾದ ಉತ್ತರ ಬಂದು ಸೇರುವುದರೊಳಗಾಗಿ ಆ ಸಂಖ್ಯೆಯನ್ನು ಊಹಿಸಬೇಕು. ಊಹೆ ತಪ್ಪಿದರೆ ನಿಜವಾದ ಉತ್ತರವು ಸರ್ವರಿನ ನೆನಪಿನಲ್ಲಿ ನೆಲೆಯೂರುತ್ತದೆ. ಅದರ ಅವಧಿ ಮುಗಿಯುವವರೆಗೆ, ಎಂದರೆ ಕೆಲವು ಗಂಟೆಗಳೋ ಒಂದೆರಡು ದಿನಗಳೋ ಕಳೆಯುವವರೆಗೆ, ವಂಚಕನು ಕಾದು ಕುಳಿತಿರಬೇಕು. ಈ ಕಾಯುವಿಕೆಯೇ ವಿಳಾಸಪುಸ್ತಕಕ್ಕೆ ದೊಡ್ಡ ರಕ್ಷಣೆಯೆಂದು ಬಹುಕಾಲ ತಜ್ಞರು ನಂಬಿದ್ದರು.

ಈ ನಂಬಿಕೆ ಟೊಳ್ಳೆಂಬುದನ್ನು ಕಮಿನ್‌ಸ್ಕಿ ಕಂಡುಕೊಂಡನು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ಆತನಿಗೆ ಆಗ ಇನ್ನೂ ಮೂವತ್ತು ವರ್ಷ ತುಂಬಿರಲಿಲ್ಲ. ಯಂತ್ರವ್ಯವಸ್ಥೆಗಳ ದೌರ್ಬಲ್ಯವನ್ನು ಪರೀಕ್ಷಿಸಿ ಹೇಳುವುದೇ ಆತನ ವೃತ್ತಿ. ೨೦೦೮ರ ಆರಂಭದಲ್ಲಿ ಡಿ.ಎನ್.ಎಸ್. ವ್ಯವಸ್ಥೆಯನ್ನು ಕುರಿತು ಯೋಚಿಸುತ್ತಿದ್ದಾಗ ಆತನಿಗೆ ಒಂದು ವಿಚಾರ ಹೊಳೆಯಿತು. ಇರುವ ಹೆಸರನ್ನು ಕೇಳಿದರೆ ತಾನೆ ಕಾಯಬೇಕು? ಬ್ಯಾಂಕಿನ ಹೆಸರಿನ ಹಿಂದೆ ಒಂದು, ಎರಡು, ಮೂರು ಎಂದು ಸೇರಿಸುತ್ತ, ಇಲ್ಲದ ಹೆಸರುಗಳನ್ನೇ ಒಂದಾದ ಮೇಲೊಂದರಂತೆ ಕೇಳಿದರೆ ಪ್ರತಿಯೊಂದೂ ಹೊಸ ಪ್ರಶ್ನೆಯಾಗುತ್ತದೆ. ಪ್ರತಿ ಪ್ರಶ್ನೆಗೂ ಹೊಸದಾಗಿ ಊಹಿಸುವ ಅವಕಾಶ ದೊರೆಯುತ್ತದೆ. ಕಾಯುವ ಪ್ರಮೇಯವೇ ಇಲ್ಲ. ಇಷ್ಟೇ ಆಗಿದ್ದರೆ ಇಲ್ಲದ ಹೆಸರೊಂದಕ್ಕೆ ಸುಳ್ಳು ವಿಳಾಸ ದೊರೆತು ಯಾರಿಗೂ ನಷ್ಟವಾಗುತ್ತಿರಲಿಲ್ಲ. ಆದರೆ ಆ ಸುಳ್ಳು ಉತ್ತರದೊಳಗೆ ವಂಚಕನು ಮತ್ತೊಂದು ಸಾಲನ್ನೂ ಸೇರಿಸಬಹುದಾಗಿತ್ತು: ಈ ಬ್ಯಾಂಕಿಗೆ ಸಂಬಂಧಪಟ್ಟ ಎಲ್ಲ ಪ್ರಶ್ನೆಗಳನ್ನೂ ಇನ್ನು ಮುಂದೆ ಇಂಥ ವಿಳಾಸದಲ್ಲಿ ಕೇಳತಕ್ಕದ್ದು ಎಂದು. ಆ ವಿಳಾಸವು ವಂಚಕನದೇ. ಒಮ್ಮೆ ಊಹೆ ಸರಿಯಾದರೆ ಇಡೀ ಬ್ಯಾಂಕಿನ ಹೆಸರೇ ಅವನ ವಶವಾಗುತ್ತಿತ್ತು. ಇದಕ್ಕೆ ಕೆಲವೇ ಸೆಕೆಂಡುಗಳು ಸಾಕಾಗಿದ್ದವು.

ಇದರ ಪರಿಣಾಮವನ್ನು ನೆನೆದರೆ ಎದೆ ನಡುಗುತ್ತದೆ. ಬ್ಯಾಂಕಿನ ಹೆಸರನ್ನು ಸರಿಯಾಗಿಯೇ ಬರೆದವನು ಬ್ಯಾಂಕಿನಂತೆಯೇ ಕಾಣುವ ಸುಳ್ಳು ತಾಣವನ್ನು ಸೇರಿ, ತನ್ನ ಪಾಸ್‌ವರ್ಡನ್ನು ತಾನೇ ಕಳ್ಳನಿಗೆ ಒಪ್ಪಿಸುವನು. ಒಬ್ಬರಿಗೆ ಬರೆದ ಇಮೇಲ್ ಮತ್ತೊಬ್ಬರ ಕೈ ಸೇರುವುದು. ಬಳಸುವವನು ಯಾವ ತಪ್ಪನ್ನೂ ಮಾಡಿರುವುದಿಲ್ಲ. ದಾರಿ ತೋರಿಸಬೇಕಾದ ಸರ್ವರೇ ಅವನನ್ನು ದಾರಿ ತಪ್ಪಿಸಿರುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಮಿಗಿಲಾಗಿ, ದೋಷವು ಯಾವುದೋ ಒಂದು ಕಂಪನಿಯ ತಂತ್ರಾಂಶದಲ್ಲಿ ಮಾತ್ರ ಇರಲಿಲ್ಲ. ವ್ಯವಸ್ಥೆಯ ನಿಯಮಗಳಲ್ಲಿಯೇ ಇದ್ದುದರಿಂದ ಆ ನಿಯಮಗಳನ್ನು ಅನುಸರಿಸಿದ ಬಹುಮಟ್ಟಿನ ತಂತ್ರಾಂಶಗಳೆಲ್ಲ ಅದಕ್ಕೆ ಗುರಿಯಾಗಿದ್ದವು.

ಇಂಥ ರಹಸ್ಯಕ್ಕೆ ಅಪರಾಧಿಗಳ ಪೇಟೆಯಲ್ಲಿ ಬಲು ದೊಡ್ಡ ಬೆಲೆಯಿತ್ತೆಂಬುದರಲ್ಲಿ ಸಂದೇಹವಿಲ್ಲ. ಒಡನೆಯೇ ಪ್ರಕಟಿಸಿದ್ದರೆ ಕೀರ್ತಿಯೂ ಬರುತ್ತಿತ್ತು. ಕಮಿನ್‌ಸ್ಕಿ ಎರಡನ್ನೂ ಬಯಸಲಿಲ್ಲ. ಡಿ.ಎನ್.ಎಸ್. ತಂತ್ರಾಂಶಗಳ ನಿರ್ಮಾಣದಲ್ಲಿ ಹಿರಿಯನೆನಿಸಿದ್ದ ಪಾಲ್ ವಿಕ್ಸಿಗೆ ವಿಷಯವನ್ನು ಗುಟ್ಟಾಗಿ ತಿಳಿಸಿದನು. ವಿಕ್ಸಿಗೆ ಅಪಾಯದ ಆಳ ತಕ್ಷಣವೇ ಅರ್ಥವಾಯಿತು. ೨೦೦೮ರ ಮಾರ್ಚ್ ೩೧ರಂದು ರೆಡ್ಮಂಡ್ ನಗರದಲ್ಲಿರುವ ಮೈಕ್ರೋಸಾಫ್ಟ್ ಸಂಸ್ಥೆಯ ಆವರಣದಲ್ಲಿ ಹದಿನಾರು ಮಂದಿ ತಜ್ಞರು ಸದ್ದಿಲ್ಲದೆ ಸೇರಿದರು. ವ್ಯಾಪಾರದಲ್ಲಿ ಪರಸ್ಪರ ಪೈಪೋಟಿ ನಡೆಸುವ ಸಂಸ್ಥೆಗಳವರೂ ಅಲ್ಲಿ ಒಂದೇ ಮೇಜಿನ ಸುತ್ತ ಕುಳಿತರು.

ಅವರ ಮುಂದಿದ್ದ ಸಮಸ್ಯೆ ವಿಚಿತ್ರವಾದುದು. ತಂತ್ರಾಂಶದ ದೋಷವನ್ನು ಸರಿಪಡಿಸಲು ಕಳುಹಿಸುವ ತಿದ್ದುಪಡಿಗೆ ಪ್ಯಾಚ್, ಎಂದರೆ ತೇಪೆ, ಎನ್ನುತ್ತಾರೆ. ಹಳೆಯ ತಂತ್ರಾಂಶವನ್ನೂ ತೇಪೆ ಹಾಕಿದ ತಂತ್ರಾಂಶವನ್ನೂ ಅಕ್ಕಪಕ್ಕದಲ್ಲಿಟ್ಟು ಹೋಲಿಸಿದವನಿಗೆ ಹರಿದಿದ್ದ ಜಾಗ ಯಾವುದೆಂದು ಗೊತ್ತಾಗಿಬಿಡುತ್ತದೆ. ತೇಪೆಯೇ ಬಿರುಕನ್ನು ತೋರಿಸುವ ಬೆರಳಾಗುತ್ತದೆ. ಒಂದು ಸಂಸ್ಥೆ ಮೊದಲು ತೇಪೆಯನ್ನು ಹೊರಡಿಸಿ ಉಳಿದವು ತಡಮಾಡಿದರೆ, ಆ ನಡುವಣ ದಿನಗಳಲ್ಲಿ ಉಳಿದವುಗಳ ಗ್ರಾಹಕರೆಲ್ಲರೂ ಬಯಲಿಗೆ ಬಿದ್ದಂತಾಗುತ್ತದೆ. ಆದುದರಿಂದ ಎಲ್ಲರೂ ಒಂದೇ ದಿನ ತೇಪೆಯನ್ನು ಬಿಡುಗಡೆ ಮಾಡಬೇಕೆಂದು ನಿರ್ಧಾರವಾಯಿತು. ತೇಪೆಯೂ ಬಿರುಕಿನ ಜಾಗವನ್ನು ಸುಲಭವಾಗಿ ಬಿಟ್ಟುಕೊಡದಂಥದಾಗಿರಬೇಕಿತ್ತು. ಅದಕ್ಕೆ ಅವರು ಆರಿಸಿಕೊಂಡ ಉಪಾಯ ಸರಳವಾದುದು. ಯಂತ್ರವೊಂದಕ್ಕೆ ಸಂದೇಶಗಳು ಬಂದು ಹೋಗಲು ಪೋರ್ಟ್ ಎಂಬ ಸಾವಿರಾರು ಕಿಂಡಿಗಳಿವೆ. ಅನೇಕ ಸರ್ವರುಗಳು ಪ್ರತಿ ಸಲವೂ ಒಂದೇ ಕಿಂಡಿಯಿಂದ ಪ್ರಶ್ನೆ ಕಳುಹಿಸಿ, ಅದೇ ಕಿಂಡಿಯಲ್ಲಿ ಉತ್ತರಕ್ಕಾಗಿ ಕಾಯುತ್ತಿದ್ದವು. ಇನ್ನು ಮುಂದೆ ಪ್ರತಿ ಪ್ರಶ್ನೆಗೂ ಮನಬಂದ ಬೇರೊಂದು ಕಿಂಡಿಯನ್ನು ಬಳಸಬೇಕೆಂದು ಗೊತ್ತುಮಾಡಿದರು. ಆಗ ವಂಚಕನು ಸಂಖ್ಯೆಯ ಜೊತೆಗೆ ಕಿಂಡಿಯನ್ನೂ ಊಹಿಸಬೇಕಾಗುತ್ತದೆ. ಮೊದಲು ೬೫,೫೩೬ರಲ್ಲಿ ಒಂದಾಗಿದ್ದ ಊಹೆ ಈಗ ನೂರಾರು ಕೋಟಿಗಳಲ್ಲಿ ಒಂದಾಯಿತು. ಬರ್ನ್‌ಸ್ಟೈನ್ ಎಂಬ ಗಣಿತಜ್ಞನು ತನ್ನ ತಂತ್ರಾಂಶದಲ್ಲಿ ಈ ಕ್ರಮವನ್ನು ವರ್ಷಗಳ ಹಿಂದೆಯೇ ಅಳವಡಿಸಿದ್ದನು. ಹೆಚ್ಚಿನವರು ಅದನ್ನು ಅನುಸರಿಸಿರಲಿಲ್ಲ.

ಮೂರು ತಿಂಗಳಿಗೂ ಹೆಚ್ಚು ಕಾಲ ಈ ಕೆಲಸ ಗುಟ್ಟಾಗಿ ನಡೆಯಿತು. ೨೦೦೮ರ ಜುಲೈ ೮ರಂದು ಮೈಕ್ರೋಸಾಫ್ಟ್, ಸಿಸ್ಕೋ ಮೊದಲಾದ ಸಂಸ್ಥೆಗಳು ಒಟ್ಟಾಗಿ ತೇಪೆಗಳನ್ನು ಬಿಡುಗಡೆ ಮಾಡಿದವು. ದೋಷವಿದೆಯೆಂದೂ ಬೇಗನೆ ತೇಪೆ ಹಾಕಿಕೊಳ್ಳಬೇಕೆಂದೂ ಕಮಿನ್‌ಸ್ಕಿ ಲೋಕಕ್ಕೆ ಸಾರಿದನು. ಆದರೆ ದೋಷ ಯಾವುದೆಂದು ಹೇಳಲಿಲ್ಲ. ಆಗಸ್ಟ್ ತಿಂಗಳ ಸಮ್ಮೇಳನದಲ್ಲಿ ತಾನೇ ಎಲ್ಲವನ್ನೂ ವಿವರಿಸುವುದಾಗಿಯೂ, ಅಲ್ಲಿಯವರೆಗೆ ಯಾರೂ ತಮ್ಮ ಊಹೆಗಳನ್ನು ಬಹಿರಂಗಪಡಿಸಬಾರದೆಂದೂ ಬೇಡಿಕೊಂಡನು. ಯಂತ್ರಗಳನ್ನು ನೋಡಿಕೊಳ್ಳುವವರಿಗೆ ಒಂದು ತಿಂಗಳ ಸಮಯ ದೊರಕಿಸುವುದೇ ಆತನ ಉದ್ದೇಶವಾಗಿತ್ತು.

ಈ ಬೇಡಿಕೆಯನ್ನು ಎಲ್ಲರೂ ಒಪ್ಪಲಿಲ್ಲ. ವಿವರವನ್ನೇ ಹೇಳದೆ ನಂಬೆನ್ನುವುದು ವಿಜ್ಞಾನದ ರೀತಿಯಲ್ಲವೆಂದು ಕೆಲವರು ಆಕ್ಷೇಪಿಸಿದರು. ಹಳೆಯ ದೋಷಕ್ಕೆ ಹೊಸ ಬಣ್ಣ ಬಳಿದು ಹೆಸರು ಗಳಿಸುತ್ತಿದ್ದಾನೆಂದು ಶಂಕಿಸಿದವರೂ ಉಂಟು. ಅಂಥವರಲ್ಲಿ ಕೆಲವರಿಗೆ ಕಮಿನ್‌ಸ್ಕಿ ವಿಷಯವನ್ನು ಖಾಸಗಿಯಾಗಿ ವಿವರಿಸಿದಾಗ ಅವರು ಬೆರಗಾಗಿ, ತಮ್ಮ ಶಂಕೆಯನ್ನು ಬಹಿರಂಗವಾಗಿಯೇ ಹಿಂತೆಗೆದುಕೊಂಡರು. ಆದರೂ ಗುಟ್ಟು ತಿಂಗಳವರೆಗೆ ಉಳಿಯಲಿಲ್ಲ. ಹದಿಮೂರನೆಯ ದಿನ, ಜುಲೈ ೨೧ರಂದು, ಜರ್ಮನಿಯ ಸಂಶೋಧಕನೊಬ್ಬನು ಬರಿಯ ತರ್ಕದಿಂದಲೇ ಬಹುಮಟ್ಟಿಗೆ ಸರಿಯಾದ ಊಹೆಯನ್ನು ಪ್ರಕಟಿಸಿದನು. ವಿಷಯ ತಿಳಿದಿದ್ದ ಸಂಸ್ಥೆಯೊಂದರಿಂದ ಅದೇ ದಿನ ವಿವರವೂ ಹೊರಬಿದ್ದಿತು. ಬಳಿಕ ಕೆಲವೇ ದಿನಗಳಲ್ಲಿ ಈ ಬಿರುಕಿನ ಮೂಲಕ ದಾಳಿ ಮಾಡಬಲ್ಲ ತಂತ್ರಾಂಶ ಯಾರಿಗೆ ಬೇಕಾದರೂ ದೊರೆಯುವಂತಾಯಿತು. ಅದೇ ತಿಂಗಳ ಕೊನೆಯಲ್ಲಿ ಟೆಕ್ಸಾಸ್‌ನ ಆಸ್ಟಿನ್ ನಗರದಲ್ಲಿ, ತೇಪೆ ಹಾಕದೆ ಬಿಟ್ಟಿದ್ದ ಸರ್ವರೊಂದು ದಾಳಿಗೆ ತುತ್ತಾಗಿ, ಗೂಗಲ್ ತಾಣವನ್ನು ಹುಡುಕಿದವರನ್ನು ಸುಳ್ಳು ಪುಟಕ್ಕೆ ಕಳುಹಿಸಿತು.

ಹಾಗಾದರೆ ಕಮಿನ್‌ಸ್ಕಿಯ ಶ್ರಮ ವ್ಯರ್ಥವಾಯಿತೆ? ಎಂದಿಗೂ ಇಲ್ಲ. ಗುಟ್ಟು ಹೊರಬಿದ್ದಾಗ ತೇಪೆ ಸಿದ್ಧವಾಗಿತ್ತು. ಅಷ್ಟರಲ್ಲಿಯೇ ಅನೇಕರು ಅದನ್ನು ಹಾಕಿಕೊಂಡೂ ಆಗಿತ್ತು. ಔಷಧಿಯಿಲ್ಲದಾಗ ರೋಗ ಹರಡುವುದಕ್ಕೂ ಔಷಧಿ ಕೈಯಲ್ಲಿರುವಾಗ ಹರಡುವುದಕ್ಕೂ ಇರುವ ಅಂತರ ಅತ್ಯಂತ ದೊಡ್ಡದು. ಆಗಸ್ಟ್ ೬ರಂದು ಲಾಸ್ ವೇಗಸ್ ನಗರದಲ್ಲಿ ಕಿಕ್ಕಿರಿದ ಸಭೆಯ ಮುಂದೆ ಆತ ಎಲ್ಲವನ್ನೂ ಬಿಡಿಸಿ ಹೇಳಿದನು. ಹಾಕಿದ ತೇಪೆ ತಾತ್ಕಾಲಿಕವಾದುದೆಂಬುದು ತಜ್ಞರಿಗೆ ಗೊತ್ತಿತ್ತು. ಉತ್ತರವು ಸಾಚಾ ಎಂಬುದನ್ನು ಗಣಿತದ ಮುದ್ರೆಯಿಂದ ಸಿದ್ಧಪಡಿಸುವ ಡಿ.ಎನ್.ಎಸ್.ಸೆಕ್ ಎಂಬ ವಿಧಾನವೇ ಶಾಶ್ವತ ಪರಿಹಾರವೆಂದು ಕಮಿನ್‌ಸ್ಕಿ ಊರೂರು ತಿರುಗಿ ಪ್ರತಿಪಾದಿಸಿದನು. ೨೦೧೦ರ ಜುಲೈ ತಿಂಗಳಲ್ಲಿ ವಿಳಾಸಪುಸ್ತಕದ ತಾಯಿಬೇರಿಗೇ ಈ ಮುದ್ರೆ ಬಿದ್ದಿತು. ಆ ಮುದ್ರೆಗೆ ಸಂಬಂಧಿಸಿದ ಕೀಲಿಯ ಭಾಗವೊಂದನ್ನು ಕಾಪಾಡುವ ಏಳು ಮಂದಿಯಲ್ಲಿ ಕಮಿನ್‌ಸ್ಕಿಯೂ ಒಬ್ಬನಾದನು. ೨೦೨೧ರ ಏಪ್ರಿಲ್ ತಿಂಗಳಲ್ಲಿ, ನಲವತ್ತೆರಡನೆಯ ವಯಸ್ಸಿನಲ್ಲಿ, ಆತ ತೀರಿಕೊಂಡನು.

ಬಿರುಕನ್ನು ಕಂಡವರೆಲ್ಲರೂ ಹೀಗೆಯೇ ನಡೆದುಕೊಳ್ಳುತ್ತಾರೆಂದು ಹೇಳುವಂತಿಲ್ಲ. ವಿಂಡೋಸ್ ತಂತ್ರಾಂಶದಲ್ಲಿದ್ದ ದೋಷವೊಂದನ್ನು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ಕಂಡುಕೊಂಡು, ಬೇಹುಗಾರಿಕೆಗಾಗಿ ಅದನ್ನು ಗುಟ್ಟಾಗಿಯೇ ಇರಿಸಿಕೊಂಡಿತ್ತು. ಆ ಗುಟ್ಟು ಕಳವಾಯಿತು. ಮೈಕ್ರೋಸಾಫ್ಟ್ ೨೦೧೭ರ ಮಾರ್ಚ್ ೧೪ರಂದು ತೇಪೆಯನ್ನು ಹೊರಡಿಸಿತು. ಒಂದು ತಿಂಗಳ ಬಳಿಕ ಕಳ್ಳರು ದಾಳಿಯ ಸಾಧನವನ್ನು ಬಯಲಿಗೆ ಬಿಟ್ಟರು. ಮೇ ೧೨ರಂದು ವಾನಾಕ್ರೈ ಎಂಬ ದುಷ್ಟ ತಂತ್ರಾಂಶವು ಅದೇ ಬಿರುಕಿನಿಂದ ನುಗ್ಗಿ, ಸುಮಾರು ೧೫೦ ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಗಣಕಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳು ಮುಂದಕ್ಕೆ ಹೋದವು. ರೋಗಿಗಳನ್ನು ಹೊತ್ತು ತಂದ ಆಂಬುಲೆನ್ಸುಗಳು ಬೇರೆ ಆಸ್ಪತ್ರೆಗಳನ್ನು ಹುಡುಕಿಕೊಂಡು ಹೋಗಬೇಕಾಯಿತು. ತೇಪೆ ಬಂದು ಎರಡು ತಿಂಗಳಾಗುತ್ತಾ ಬಂದಿತ್ತು. ಆದರೆ ಅದನ್ನು ಹಾಕಿಕೊಳ್ಳದ ಯಂತ್ರಗಳಿಗೆ ಅದರಿಂದ ಬಂದ ಪ್ರಯೋಜನವೇನು? ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತಾಯಿತು.

ಈ ಎರಡು ಘಟನೆಗಳಿಂದ ತಿಳಿದುಬರುವುದೇನೆಂದರೆ, ಹೊಣೆ ಒಬ್ಬನದಲ್ಲ, ಮೂವರದು. ಬಿರುಕನ್ನು ಕಂಡವನು ಅದನ್ನು ಸರಿಪಡಿಸಬಲ್ಲವರಿಗೆ ಮೊದಲು ತಿಳಿಸಬೇಕು. ತಂತ್ರಾಂಶವನ್ನು ಮಾಡಿದವರು ಹೇಳಿದವನ ಮೇಲೆ ಸಿಡುಕದೆ, ತಡಮಾಡದೆ ತೇಪೆಯನ್ನು ಸಿದ್ಧಪಡಿಸಬೇಕು. ಬಳಸುವವರು ತೇಪೆ ಬಂದ ಕೂಡಲೆ ಹಾಕಿಕೊಳ್ಳಬೇಕು. ಮೂರರಲ್ಲಿ ಒಂದು ಕೊಂಡಿ ಕಳಚಿದರೂ ಸರಪಳಿ ನಿಷ್ಫಲ. ತಯಾರಕರು ಮೈಮರೆತು ಕುಳಿತರೆ ಎಷ್ಟು ದಿನ ಬಾಯಿ ಮುಚ್ಚಿಕೊಂಡಿರಬೇಕೆಂಬುದು ಇಂದಿಗೂ ಚರ್ಚೆಯ ವಿಷಯವೇ. ತೊಂಬತ್ತು ದಿನಗಳ ಗಡುವು ಕೊಟ್ಟು, ಅನಂತರ ಪ್ರಕಟಿಸುವ ಪದ್ಧತಿಯನ್ನು ಹಲವು ಸಂಶೋಧಕರು ಅನುಸರಿಸುತ್ತಾರೆ. ಕಂಡುಬಂದ ಬಿರುಕುಗಳಿಗೆ ಒಂದೊಂದು ಗುರುತಿನ ಸಂಖ್ಯೆ ಕೊಟ್ಟು ಪಟ್ಟಿಮಾಡುವ ಸಿ.ವಿ.ಇ. ಎಂಬ ಏರ್ಪಾಡು ೧೯೯೯ರಿಂದ ನಡೆದುಬಂದಿದೆ. ಭಾರತದಲ್ಲಿ ೨೦೦೪ರಿಂದ ಕೆಲಸ ಮಾಡುತ್ತಿರುವ ಸರ್ಟ್-ಇನ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆ ಇಂಥ ದೋಷಗಳ ವರದಿಗಳನ್ನು ಸ್ವೀಕರಿಸಿ, ಸಾರ್ವಜನಿಕರಿಗೆ ಎಚ್ಚರಿಕೆಗಳನ್ನು ಹೊರಡಿಸುತ್ತದೆ.

ಗೃಹಸ್ಥನಿಗೂ ಇದರಲ್ಲಿ ಪಾಲಿದೆ. ಕೈಯಲ್ಲಿರುವ ಮೊಬೈಲು, ಮನೆಯ ಮೂಲೆಯಲ್ಲಿ ದೀಪ ಮಿನುಗಿಸುತ್ತ ಕುಳಿತಿರುವ ವೈಫೈ ಪೆಟ್ಟಿಗೆ, ಬಾಗಿಲ ಮೇಲಿನ ಕ್ಯಾಮರಾ ಇವೆಲ್ಲವೂ ತಂತ್ರಾಂಶದಿಂದಲೇ ನಡೆಯುವ ಯಂತ್ರಗಳು. ಅಪ್‌ಡೇಟ್ ಮಾಡಿಕೊಳ್ಳಿ ಎಂಬ ಸೂಚನೆ ಬಂದಾಗ ನಾಳೆ ನೋಡೋಣವೆಂದು ತಳ್ಳಿಹಾಕುವುದು ಹಲವರ ಅಭ್ಯಾಸ. ಆ ಸೂಚನೆಯ ಹಿಂದೆ ಯಾರೋ ಕಂಡುಹಿಡಿದ ಬಿರುಕು, ಯಾರೋ ಕಾಪಾಡಿದ ಗುಟ್ಟು, ಯಾರೋ ನಿದ್ದೆಗೆಟ್ಟು ಹೊಲಿದ ತೇಪೆ ಇರುತ್ತದೆ. ಹೆಸರು ಕೂಡ ತಿಳಿಯದ ಅವರೆಲ್ಲರ ಪರೋಪಕಾರ ಸಾರ್ಥಕವಾಗುವುದು, ತೇಪೆಯನ್ನು ಸಕಾಲದಲ್ಲಿ ಹಾಕಿಕೊಂಡಾಗ ಮಾತ್ರ.

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿ.
೧. ಡಿ.ಎನ್.ಎಸ್. ವ್ಯವಸ್ಥೆಯನ್ನು ರೂಪಿಸಿದ ವಿಜ್ಞಾನಿ ಯಾರು?
೨. ಸರ್ವರು ತನಗೆ ಬಂದ ಉತ್ತರವನ್ನು ಯಾವುದರ ಆಧಾರದ ಮೇಲೆ ನಂಬುತ್ತಿತ್ತು?
೩. ತಂತ್ರಾಂಶದ ತೇಪೆ ಎಂದರೇನು?
೪. ಜುಲೈ ೮ರಂದು ಕಮಿನ್‌ಸ್ಕಿ ಲೋಕವನ್ನು ಬೇಡಿಕೊಂಡದ್ದೇನು?

ಆ. ಐದಾರು ವಾಕ್ಯಗಳಲ್ಲಿ ಉತ್ತರಿಸಿ.
೧. ಇಲ್ಲದ ಹೆಸರುಗಳನ್ನು ಕೇಳುವುದರಿಂದ ವಂಚಕನಿಗೆ ಆಗುವ ಅನುಕೂಲವೇನು?
೨. ಎಲ್ಲ ಸಂಸ್ಥೆಗಳೂ ಒಂದೇ ದಿನ ತೇಪೆಯನ್ನು ಬಿಡುಗಡೆ ಮಾಡಿದುದೇಕೆ?
೩. ೨೦೦೮ರ ಘಟನೆಯನ್ನೂ ೨೦೧೭ರ ಘಟನೆಯನ್ನೂ ಹೋಲಿಸಿ ಬರೆಯಿರಿ.
೪. ವಿವರ ಹೇಳದೆ ನಂಬೆನ್ನುವುದು ಸರಿಯಲ್ಲವೆಂಬ ಆಕ್ಷೇಪವನ್ನು ನೀವು ಒಪ್ಪುವಿರಾ? ಕಾರಣ ಕೊಡಿ.

ಇ. ಸಂದರ್ಭದೊಡನೆ ವಿವರಿಸಿ.
೧. “ತೇಪೆಯೇ ಬಿರುಕನ್ನು ತೋರಿಸುವ ಬೆರಳಾಗುತ್ತದೆ.”
೨. “ಮೂರರಲ್ಲಿ ಒಂದು ಕೊಂಡಿ ಕಳಚಿದರೂ ಸರಪಳಿ ನಿಷ್ಫಲ.”

ಈ. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿ.
ಊರಿಗೆಲ್ಲ, ಅತ್ಯಂತ, ಪರೋಪಕಾರ

ಉ. ಈ ಗಾದೆಗಳನ್ನು ವಿಸ್ತರಿಸಿ ಬರೆಯಿರಿ.
೧. ಬೇಲಿಯೇ ಎದ್ದು ಹೊಲ ಮೇಯ್ದಂತೆ.
೨. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ.